ಬಿಳಿ ಬೊಟ್ಟಿನ ನಟ್ಟು

ಸದ್ದು ಎಂಬುದು ಸತ್ಯದ ಮೊದಲ ರೂಪ. ಮನುಷ್ಯ ಸುಳ್ಳು ಹೇಳಬಹುದು, ಕಬ್ಬಿಣ ಹೇಳಲಾರದು. ಎಲ್ಲಿ ನೋವಿದೆಯೋ ಅಲ್ಲಿಂದಲೇ ಅದು ಕೂಗುತ್ತದೆ. ಹಾಸನದ ಒಂದೇ ಗ್ಯಾರೇಜಿನಲ್ಲಿ ಮೂವತ್ತೆಂಟು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ನಾನು ಕಂಡುಕೊಂಡ ತತ್ತ್ವ ಇದು. ಕೇಳುವುದಕ್ಕೆ ಚೆನ್ನಾಗಿದೆ, ಕೆಲಸಕ್ಕೆ ಬರುವುದಿಲ್ಲ. ಕಬ್ಬಿಣಕ್ಕೆ ಮುಂದಿನ ಎಡಚಕ್ರದಲ್ಲಿ ನೋವಾದರೆ ಅದು ಹಿಂದಿನ ಬಲಗಡೆ ಸೀಟಿನ ಕೆಳಗಿನಿಂದ ಕೂಗುತ್ತದೆ. ಅಲ್ಲಿ ಹೋಗಿ ತಡಕಿದರೆ ಕಡಲೆಕಾಯಿ ಸಿಪ್ಪೆ ಸಿಗುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಈಗಲೂ ನನ್ನನ್ನು ಹುಡುಕಿಕೊಂಡು ಕೊರವಂಗಲದ ಮನೆಗೆ ಬಂದು, ಸದ್ದು ಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ನಾನು ಹೆಡ್ ಮೆಕ್ಯಾನಿಕ್ ಆದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವಂಥದ್ದಲ್ಲ, ನನಗಿಂತ ಮೊದಲಿದ್ದವನು ಕೆಲಸ ಬಿಟ್ಟ, ನಾನು ಬಿಡಲಿಲ್ಲ, ಅಷ್ಟೆ. ಸದ್ದಿನ ವಿಷಯ ಮಾತ್ರ ಹೇಳಬಲ್ಲೆ. ಅದರಲ್ಲೂ ಡಿಕ್ಕಿಯಾಗಿ ರಿಪೇರಿ ಮುಗಿದ ಗಾಡಿಯ ಸದ್ದು. ಅದರಷ್ಟು ನಿದ್ದೆಗೆಡಿಸುವುದು ಈ ಕಸುಬಿನಲ್ಲಿ ಬೇರೆ ಯಾವುದೂ ಇಲ್ಲ.

ಡಿಕ್ಕಿಯಾದ ಮೇಲೆ ಗಾಡಿಯ ಮಾಲೀಕನಿಗೆ ಹೊಸ ಕಿವಿ ಹುಟ್ಟುತ್ತದೆ. ಹತ್ತು ವರ್ಷದಿಂದ ಕಿರುಗುಡುತ್ತಿದ್ದ ಬಾಗಿಲು ಅವನಿಗೆ ಮೊದಲ ಸಲ ಕೇಳಿಸುತ್ತದೆ. ನೂರು ದೂರಿನಲ್ಲಿ ತೊಂಬತ್ತು ಅಂಥವೇ. ಉಳಿದ ಹತ್ತರಲ್ಲಿ ಒಂದು ನಿಜವಾಗಿ ಪ್ರಾಣ ತೆಗೆಯುವಂಥದ್ದು. ಆ ಒಂದು ಯಾವುದು ಎಂದು ತಿಳಿಯುವುದೇ ನಮ್ಮ ಕೆಲಸ. ಮಿಕ್ಕಿದ್ದೆಲ್ಲ ಗ್ರೀಸು.

ಸಾಲಗಾಮೆಯ ಒಬ್ಬ ರೈತರ ವ್ಯಾನಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ಎಡಗಡೆಯ ಬಾಗಿಲು, ಅದರ ಕೆಳಗಿನ ಪೆಟ್ಟಿಗೆಯಂಥ ಭಾಗ ಎರಡೂ ಜಜ್ಜಿಹೋಗಿದ್ದವು. ನಮ್ಮ ಇಸ್ಮಾಯಿಲ್ ತಗಡಿನ ಕೆಲಸದಲ್ಲಿ ಪಳಗಿದ ಕೈ. ಬಡಿದು, ಬೆಸೆದು, ಬಣ್ಣ ಹೊಡೆದು ಕೊಟ್ಟ. ನಾಲ್ಕನೆಯ ದಿನ ರೈತರು ವಾಪಸು ಬಂದರು. ತಿರುವಿನಲ್ಲಿ ಗುಡುಗುಡು ಎನ್ನುತ್ತದಂತೆ. ನಾನು ಚಕ್ರ ಬಿಚ್ಚಿದೆ, ಬೇರಿಂಗ್ ಬದಲಿಸಿದೆ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು ಡಾಕ್ಟರಂತೆ ಒಂದೊಂದೇ ಭಾಗವನ್ನು ಆಲಿಸಿದೆ. ಎರಡು ವಾರದ ಮೇಲೆ ಸದ್ದು ತಾನಾಗಿ ನಿಂತಿತು. ನನ್ನ ಬೇರಿಂಗಿನಿಂದಲೇ ನಿಂತಿತೆಂದು ಗ್ಯಾರೇಜಿನಲ್ಲಿ ಘೋಷಿಸಿದೆ. ಮೂರನೆಯ ವಾರ ರೈತರು ಮೂಗಿಗೆ ಟವೆಲು ಸುತ್ತಿಕೊಂಡು ಬಂದರು. ಇಸ್ಮಾಯಿಲ್ ಬಗ್ಗಿ ಮೂಸಿ ಹೇಳಿದ: "ನಂಜಣ್ಣ, ಸದ್ದು ಬಿಟ್ಟೋಗೈತೆ, ವಾಸ್ನೆ ಹಿಡ್ಕಂಡೈತೆ." ಡಿಕ್ಕಿಯಾದ ದಿನ ಮೂಟೆ ಒಡೆದು ಒಳಗೆ ಸೇರಿದ್ದ ಒಂದು ಆಲೂಗೆಡ್ಡೆಯನ್ನು ಅವನು ತಗಡಿನೊಳಗೆ ಇಟ್ಟು ಬೆಸೆದಿದ್ದ. ಅದು ಕೊಳೆತು ಮೆತ್ತಗಾದಾಗ ಉರುಳುವುದು ನಿಂತಿತ್ತು.

ತಾನಾಗಿ ನಿಂತ ಸದ್ದು ವಾಸಿಯಾದ ಸದ್ದಲ್ಲ. ಈ ಪಾಠವನ್ನು ನಾನು ಆಲೂಗೆಡ್ಡೆಯಿಂದ ಕಲಿತೆ. ಕಲಿತು, ಬೇಕಾದ ದಿನ ಮರೆತೆ. 

ಅದಕ್ಕೆ ಮುಂಚೆ ನಮ್ಮ ಗ್ಯಾರೇಜಿನ ಒಂದು ಪದ್ಧತಿ ತಿಳಿಸಬೇಕು. ಗಾಡಿಯ ಅಡಿಯ ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಪೂರ್ತಿ ಬಿಗಿ ಮಾಡುತ್ತೇವೆ. ಯಾವುದು ಕೊನೆಯ ಬಿಗಿ ಕಂಡಿದೆ, ಯಾವುದು ಕಂಡಿಲ್ಲ ಎಂದು ಗುರುತು ಬೇಕಲ್ಲ. ನಾನು ಎಲೆ ಅಡಿಕೆ ಹಾಕುವವನು. ಯಾವ ಕಾಲದಲ್ಲೋ ಬೆರಳಿಗೆ ಅಂಟಿದ್ದ ಸುಣ್ಣವನ್ನು ಬಿಗಿ ಮಾಡಿದ ನಟ್ಟಿಗೆ ಒರೆಸಿದೆ. ಬಿಳಿ ಬೊಟ್ಟು ಕತ್ತಲಲ್ಲೂ ಕಾಣಿಸಿತು. ಅಂದಿನಿಂದ ಅದೇ ಕಾನೂನಾಯಿತು. ಗಾಡಿಯ ಅಡಿ ನೋಡಲು ಇಳಿಯುವ ಗುಂಡಿಯ ಪಕ್ಕದಲ್ಲಿ ಸುಣ್ಣದ ಡಬ್ಬಿ ನೇತುಹಾಕಿದೆವು. ಯಾರೇ ಬಿಗಿ ಮಾಡಲಿ, ಬೊಟ್ಟಿಡಬೇಕು. ಬೊಟ್ಟಿಟ್ಟ ನಟ್ಟಿಗೆ ಎರಡನೆಯ ಸಲ ಯಾರೂ ಸ್ಪ್ಯಾನರ್ ಹಾಕಬಾರದು. ಹಾಕಿದರೆ ಬೊಟ್ಟಿಟ್ಟವನನ್ನು ನಂಬಲಿಲ್ಲ ಎಂದಾಗುತ್ತದೆ. ಈ ಎರಡನೆಯ ವಿಧಿಯೂ ನಾನೇ ಮಾಡಿದ್ದು. ಅದನ್ನು ಹೇಳುವಾಗ ನನ್ನ ದನಿ ಕೊಂಚ ಏರುತ್ತಿತ್ತೆಂದು ಇಸ್ಮಾಯಿಲ್ ಹೇಳುತ್ತಾನೆ.

ಅನಂತರಾಮಯ್ಯನವರು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಊರಿಗೆಲ್ಲ ಮೇಷ್ಟ್ರು. ಅವರ ಬಿಳಿ ಸಣ್ಣ ಕಾರು ಗಂಟೆಗೆ ನಲವತ್ತು ಕಿಲೋಮೀಟರ್ ಮೀರಿದ್ದನ್ನು ಕಂಡವರಿಲ್ಲ. ಅಂಥ ಕಾರಿಗೆ ಅರಕಲಗೂಡಿನ ಪೇಟೆಯಲ್ಲಿ ಶುಂಠಿ ಹೇರಿದ ಟ್ರ್ಯಾಕ್ಟರಿನ ಟ್ರೈಲರು ಹಿಂದಕ್ಕೆ ಬಂದು ಗುದ್ದಿತು. ಎಡಗಡೆಯ ದೀಪ, ಚಕ್ರದ ಮೇಲಿನ ತಗಡಿನ ರೆಕ್ಕೆ ಮುರಿದು, ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳು ಬಗ್ಗಿಹೋಯಿತು.

ಆ ತೋಳಿನ ಬಗ್ಗೆ ಎರಡು ಮಾತು. ಅದರ ಒಂದು ತುದಿ ಚಕ್ರಕ್ಕೆ, ಇನ್ನೊಂದು ತುದಿ ರಬ್ಬರಿನ ಬಳೆಯಂಥ ಬುಷ್ ಮೂಲಕ ಗಾಡಿಯ ಮೈಗೆ. ಮೈಗೆ ಸೇರುವ ಕಡೆ ಎರಡು ಬೋಲ್ಟು, ಎರಡು ನಟ್ಟು. ಅವನ್ನು ಗಾಡಿ ಮೇಲೆತ್ತಿರುವಾಗ ಬಿಗಿ ಮಾಡುವ ಹಾಗಿಲ್ಲ. ಮಾಡಿದರೆ ಕೆಳಗಿಳಿಸಿದಾಗ ರಬ್ಬರು ತಿರುಚಿ ಹರಿಯುತ್ತದೆ. ಕೈಬಿಗಿ ಮಾಡಿ, ಗಾಡಿ ಇಳಿಸಿ, ಭಾರ ನಾಲ್ಕು ಚಕ್ರದ ಮೇಲೆ ಕೂತ ಮೇಲೆ ಕೊನೆಯ ಬಿಗಿ. ಮರೆತರೆ ಏನಾಗುತ್ತದೆ? ಮೊದಲು ಏನೂ ಆಗುವುದಿಲ್ಲ. ನಟ್ಟು ದಿನದಿನಕ್ಕೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಗಟ್ಟಿಯಾಗಿ ಬ್ರೇಕು ಒತ್ತಿದಾಗ ಬೋಲ್ಟು ಕಳಚಿ, ಚಕ್ರ ಹಿಂದಕ್ಕೆ ಮಡಚಿಕೊಂಡು, ಸ್ಟೇರಿಂಗು ಹೇಳಿದ ಮಾತು ಕೇಳುವುದಿಲ್ಲ.

ಗುರುವಾರ ಸಾಯಂಕಾಲ ಹೊಸ ತೋಳು ಕೂರಿಸಿ ಎರಡು ನಟ್ಟನ್ನೂ ಕೈಬಿಗಿ ಮಾಡಿದೆ. ಇನ್ನೇನು ಗಾಡಿ ಇಳಿಸಬೇಕು, ಕರೆಂಟು ಹೋಯಿತು. ಗಾಡಿಯನ್ನು ಎತ್ತಿದ್ದ ಲಿಫ್ಟು ಮೇಲೆಯೇ ನಿಂತಿತು. ಕರೆಂಟು ಬಂದರೆ ಇಳಿಸಿ ಮುಗಿಸು ಎಂದು ಇಸ್ಮಾಯಿಲ್‌ಗೆ ಹೇಳಿದೆನೋ, ಹೇಳಬೇಕು ಅಂದುಕೊಂಡೆನೋ, ಊರಿನ ಬಸ್ಸು ಹತ್ತಿದೆ. ಮಾರನೆಯ ದಿನ ಆಯುಧಪೂಜೆ. ಅದರ ಮಾರನೆಯ ದಿನ ವಿಜಯದಶಮಿ. ಆಮೇಲೆ ಭಾನುವಾರ.

ಸೋಮವಾರ ಹೋದಾಗ ಗ್ಯಾರೇಜಿನ ತುಂಬ ಬಾಡಿದ ಚೆಂಡುಹೂವು. ಮೇಷ್ಟ್ರ ಕಾರು ನೆಲದ ಮೇಲೆ ನಿಂತಿತ್ತು, ಮೂತಿಗೆ ಹಾರ, ಚಕ್ರದ ಕೆಳಗೆ ಅಪ್ಪಚ್ಚಿಯಾದ ನಿಂಬೆಹಣ್ಣು. ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ, ಕೆಳಗೆ ಇಳಿದು ಟಾರ್ಚು ಬಿಟ್ಟು ನೋಡಿದೆ. ಎರಡು ನಟ್ಟಿಗೂ ಬಿಳಿ ಬೊಟ್ಟು. ಸರಿ, ಇಸ್ಮಾಯಿಲ್ ಗಾಡಿ ಇಳಿಸಿ ಬಿಗಿ ಮಾಡಿದ್ದಾನೆ ಅಂದುಕೊಂಡೆ. ಅವನು ಹತ್ತು ಮಾರು ದೂರದಲ್ಲಿ ತಗಡು ಬಡಿಯುತ್ತಿದ್ದ. ಒಂದು ಮಾತು ಕೇಳಬಹುದಿತ್ತು. ಬೊಟ್ಟು ಇರುವಾಗ ಬಾಯಲ್ಲಿ ಕೇಳುವುದೇನು? ಸಾಲಗಾಮೆ ರಸ್ತೆಯಲ್ಲಿ ಎರಡು ಮೈಲಿ ಓಡಿಸಿ ನೋಡಿದೆ. ಸದ್ದಿಲ್ಲ. ಮೇಷ್ಟ್ರಿಗೆ ಬೀಗದಕೈ ಕೊಟ್ಟು, "ಎಲ್ಲಾ ನಾನೇ ನೋಡಿದ್ದೀನಿ ಸಾ" ಎಂದೆ.

ಬುಧವಾರ ಅವರ ಫೋನು ಬಂತು.

"ನಂಜಪ್ಪನವರೇ, ನಮ್ಮ ಕಾರು ಮಾತಾಡೋದಕ್ಕೆ ಶುರು ಮಾಡಿದೆ."

"ಏನಂತದೆ ಸಾ?"

"ಬ್ರೇಕು ಒತ್ತಿದಾಗ ಒಂದು ಸಲ ಟೊಕ್ ಅನ್ನುತ್ತೆ. ಹಿಂದಕ್ಕೆ ತೆಗೆಯುವಾಗ ಇನ್ನೊಂದು ಸಲ. ಒಂದಕ್ಕೆ ಎರಡು ಹೇಳೋದಿಲ್ಲ. ಮಿತಭಾಷಿ."

ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ಬ್ರೇಕಿಗೆ ಒಂದು, ರಿವರ್ಸಿಗೆ ಒಂದು ಎಂದರೆ ತೋಳು ಹಿಂದೆ ಮುಂದೆ ಆಡುತ್ತಿದೆ ಎಂದೇ ಅರ್ಥ. ನನಗೂ ಕೂಡಲೇ ಅದೇ ಹೊಳೆಯಿತು. ಆದರೆ ಅದಕ್ಕೆ ಬೊಟ್ಟಿತ್ತು. ಬೊಟ್ಟಿದ್ದ ಮೇಲೆ ಅದಾಗಿರುವುದು ಸಾಧ್ಯವಿಲ್ಲ. ಸಾಧ್ಯವಿಲ್ಲದ್ದನ್ನು ಬಿಟ್ಟು ನಾನು ಮಿಕ್ಕಿದ್ದನ್ನೆಲ್ಲ ಅನುಮಾನಿಸಿದೆ. ಗಾಡಿ ತನ್ನಿ ಎಂದೆ. ಗುರುವಾರ ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ ಹೋಗುವುದಿದೆ, ಬಾಣಂತನ ಮುಗಿದ ಮಗಳನ್ನೂ ಐದು ತಿಂಗಳ ಮಗುವನ್ನೂ ಗಂಡನ ಮನೆಗೆ ಬಿಡಬೇಕು, ಬಿಟ್ಟು ಬಂದು ತರುತ್ತೇನೆ ಎಂದರು. ನನ್ನ ಮನಸ್ಸಿಗೆ ಸರಿಬರಲಿಲ್ಲ. ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಎಂದೆ.

ಗುರುವಾರ ಬೆಳಿಗ್ಗೆ ಸ್ಪ್ಯಾನರು, ಟಾರ್ಚು ಚೀಲಕ್ಕೆ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಮೇಷ್ಟ್ರ ಮನೆಯಾಕೆ, "ನೆಲ ಕೊಳೆ, ಇದರ ಮೇಲೆ ಮಲಗಿ" ಎಂದು ಕಾರಿನ ಕೆಳಗೆ ಚಾಪೆ ಹಾಸಿದರು. ಅಷ್ಟು ಗೌರವದಿಂದ ನನ್ನನ್ನು ಯಾರೂ ಗಾಡಿಯ ಅಡಿಗೆ ಕಳಿಸಿದ್ದಿಲ್ಲ. ಮಗಳು ಸುಮಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಂಕಲ್, ಆ ಸದ್ದು ಪೂರ್ತಿ ತೆಗೆದುಬಿಡಬೇಡಿ. ನಮ್ಮ ಪಾಪುಗೆ ಅದು ಅಂದ್ರೆ ಇಷ್ಟ. ಟೊಕ್ ಅಂದ ತಕ್ಷಣ ಕಿಸಕ್ಕನೆ ನಗುತ್ತೆ."

ನಾನೂ ನಕ್ಕೆ. ಈಗ ನೆನೆದರೆ ಆ ನಗುವಿಗೆ ನಾಚಿಕೆಯಾಗುತ್ತದೆ.

ಅಡಿಯಲ್ಲಿ ಮಲಗಿ ನೋಡಿದೆ. ಎರಡು ಬೊಟ್ಟೂ ಇದ್ದವು, ಒಂದಿಷ್ಟು ಧೂಳು ಹಿಡಿದಿದ್ದವು. ಒಂದನ್ನು ಮಗುವಿನ ಕೆನ್ನೆ ಸವರುವ ಹಾಗೆ ಹೆಬ್ಬೆರಳಿನಿಂದ ಸವರಿದೆ. ಚೀಲದಲ್ಲಿ ಸ್ಪ್ಯಾನರು ಇತ್ತು. ಹೊರಗೆ ತೆಗೆಯಲಿಲ್ಲ. ಕಾನೂನು ಮಾಡಿದವನೇ ಮುರಿಯುವುದುಂಟೆ?

ಎದ್ದು ಬಂದು ಕಾರಿನ ಒಳಗೆ ಹುಡುಕಿದೆ. ಸೀಟಿನ ಕೆಳಗೆ ಪೂಜೆಯ ತೆಂಗಿನಕಾಯಿ ಒಂದು, ಹಿಂದುಗಡೆ ಪಂಚಪಾತ್ರೆ, ಅದರಲ್ಲಿ ಉದ್ಧರಣೆ. ಎಲ್ಲ ಹೊರಗಿಟ್ಟು ಪೇಟೆಯ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಜನ ಜಾಸ್ತಿ ಇದ್ದದ್ದರಿಂದ ನಡೆಯುವವರ ವೇಗದಲ್ಲೇ ಹೋಗಿದ್ದೆವು; ಬ್ರೇಕಿಗೆ ಕಾಲು ಮುಟ್ಟಿಸಿದ್ದೇ ಕಮ್ಮಿ. ಸದ್ದು ಬರಲಿಲ್ಲ. "ಕಾಯಿ ಉರುಳ್ತಿತ್ತು ಸಾ" ಎಂದು ತೀರ್ಪು ಕೊಟ್ಟೆ. ಮೇಷ್ಟ್ರು ಕಾಯಿಯನ್ನು ಕೈಯಲ್ಲಿ ಹಿಡಿದು, ಇಷ್ಟು ವರ್ಷ ನಂಬಿದ ಶಿಷ್ಯನನ್ನು ನೋಡುವಂತೆ ನೋಡಿದರು. ಕಾಫಿ ಕುಡಿದೆ. ರಾಹುಕಾಲ ಕಳೆದ ಮೇಲೆ ಹೊರಡುತ್ತೇವೆ ಎಂದರು. ನಾನು ಹಾಸನದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎಲೆ ಅಡಿಕೆಯ ಚೀಲ ಬಿಚ್ಚಿದೆ. ಹೆಬ್ಬೆರಳಿಗೆ ಬಿಳಿ ಅಂಟಿಕೊಂಡಿತ್ತು, ಆ ನಟ್ಟಿನದು. ಅಭ್ಯಾಸಬಲದಿಂದ ಎಲೆಗೆ ಒರೆಸುವ ಮೊದಲು ನಾಲಿಗೆಗೆ ಮುಟ್ಟಿಸಿದೆ. ಸುಣ್ಣ ನಾಲಿಗೆಯನ್ನು ಚುರ್ ಎನ್ನಿಸುತ್ತದೆ, ಹಳೆಯದಾದರೂ ಒಂದಿಷ್ಟು ಅನ್ನಿಸುತ್ತದೆ. ಇದು ಅನ್ನಿಸಲಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದೆ. ಗ್ರೀಸಿನ ವಾಸನೆಯ ಹಿಂದೆ ಶ್ರೀಗಂಧದ ವಾಸನೆ.

ಅದು ಬಿಗಿಯ ಬೊಟ್ಟಲ್ಲ, ಪೂಜೆಯ ಬೊಟ್ಟು. ಮೇಷ್ಟ್ರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಪ್ರಯಾಣದ ದಿನ ಹೊರಡುವ ಬಹಳ ಮುಂಚೆಯೇ ಫೋನನ್ನು ಮನೆಯಾಕೆಯ ಬ್ಯಾಗಿನ ತಳಕ್ಕೆ ಸೇರಿಸುವುದು ಅವರ ಶಿಸ್ತು. ಗ್ಯಾರೇಜಿನವರೆಗೆ ಓಡಿದೆ, ಐವತ್ತೇಳನೆಯ ವಯಸ್ಸಿನಲ್ಲಿ ಅದನ್ನು ಓಟ ಎನ್ನಬಹುದಾದರೆ.

ಯಜಮಾನರು ಬೋರೇಗೌಡರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. "ಏನ್ಲಾ ನಂಜ, ಇಂಗೆ ಬೆವ್ತಿದ್ದೀಯ? ಬಸ್ಸು ತಳ್ಕಂಡ್ ಬಂದ್ಯಾ?"

"ಗೌಡ್ರೇ, ಪೂಜೆ ದಿವ್ಸ ಮೇಷ್ಟ್ರ ಗಾಡಿಗೆ ಬೊಟ್ಟಿಟ್ಟೋರು ಯಾರು?"

"ಅವ್ರೇಯ. ಬೆಳ್ಳಿ ಬಟ್ಲಾಗೆ ಗಂಧ ತೇದ್ಕಂಡ್ ಬಂದಿದ್ರು. ಗಾಡಿ ಲಿಫ್ಟಿನ ಮ್ಯಾಲಿತ್ತಲ್ಲ. 'ಗೌಡರೇ, ಇದರ ಪಾದಪೂಜೆಗೆ ಇಂಥ ಅವಕಾಶ ಮತ್ತೆ ಸಿಗೋದಿಲ್ಲ' ಅಂತ ಅಡಿಗೋಗಿ ಒಂದೊಂದು ನಟ್ಟಿಗೂ ಇಟ್ರು ಕಣ್ಲಾ. ಎಂಥಾ ಭಕ್ತಿ ಅಂತೀಯ. ಆಮ್ಯಾಕೆ ನಾನೇ ಗಾಡಿ ಇಳ್ಸಿ ನಿಂಬೆಹಣ್ಣಿನ ಮ್ಯಾಲೆ ಹತ್ತಿಸ್ದೆ."

ಇಸ್ಮಾಯಿಲ್ ಸುತ್ತಿಗೆ ಕೆಳಗಿಟ್ಟು ಹತ್ತಿರ ಬಂದಿದ್ದ. ಅವನ ಮುಖ ನೋಡಿದೆ. "ಹೋದ ಗುರುವಾರ ನೀನು ಟೈಟ್ ಮಾಡ್ಲಿಲ್ವಾ?"

"ನಾನ್ಯಾಕೆ ಮಾಡ್ಲಿ ನಂಜಣ್ಣ? ಕರೆಂಟೇ ಬರ್ಲಿಲ್ಲ, ಮನೆಗೋದೆ. ಸೋಮ್ವಾರ ಬೊಟ್ಟು ನೋಡ್ದೆ, ನೀನೇ ಮುಗ್ಸಿದ್ದೀಯ ಅಂದ್ಕಂಡೆ."

ಹೀಗೆ ನನ್ನ ಕಾನೂನನ್ನು ಇಬ್ಬರೂ ತಪ್ಪದೆ ಪಾಲಿಸಿದ್ದೆವು.

ಗೌಡರಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಎದ್ದು ನಿಂತು ಮೊದಲು ಸುತ್ತ ನೋಡಿದರು. "ಮೆಲ್ಲಗೆ ಮಾತಾಡು, ಗಿರಾಕಿ ಅವ್ರೆ" ಎಂದರು. ಆಮೇಲೆ, "ಗಾಡೀಲಿ ಯಾರ್ಯಾರು?"

"ಮೇಷ್ಟ್ರು, ಅಮ್ಮಾರು, ಮಗಳು, ಐದು ತಿಂಗಳ ಮಗು."

ಗೌಡರು ರಸ್ತೆಯ ಕಡೆ ನೋಡಿದರು. ಅವರ ಜೀಪು ಬ್ಯಾಟರಿ ತರಲು ಹೋಗಿತ್ತು. ಅದು ಬರುವಷ್ಟು ಹೊತ್ತು ನಾನು ಗೇಟಿನಿಂದ ಗುಂಡಿಯವರೆಗೆ, ಗುಂಡಿಯಿಂದ ಗೇಟಿನವರೆಗೆ ನಡೆದೆ. ಮೇಷ್ಟ್ರು ಮೂರು ಗಂಟೆಗೆ ಮುಂಚೆ ಹೊರಡುವುದಿಲ್ಲ. ಗುರುವಾರದ ರಾಹುಕಾಲ ಒಂದೂವರೆಯಿಂದ ಮೂರು. ಅಲ್ಲಿಯವರೆಗೆ ಆ ಕಾರು ಅವರ ಮನೆಯ ಮುಂದೆ ಅಲ್ಲಾಡದೆ ನಿಂತಿರುತ್ತದೆ. ಜೀವನದಲ್ಲಿ ರಾಹುವಿನ ಮೇಲೆ ನಾನು ಅಷ್ಟು ಭರವಸೆ ಇಟ್ಟದ್ದು ಅದೊಂದೇ ಸಲ. ಜೀಪು ಬಂದಾಗ ಎರಡೂ ಕಾಲು.

ದಾರಿಯಲ್ಲಿ ಗೌಡರೇ ಓಡಿಸಿದರು. ನಾನು ಪಕ್ಕದಲ್ಲಿ ಫೋನು ಒತ್ತುತ್ತ ಕೂತಿದ್ದೆ. ಪ್ರತಿ ಊರಿನ ಬಾಗಿಲಲ್ಲಿ ಒಂದು ಹಂಪು. ನಮ್ಮ ಜೀಪು ಹಾರಿದ ಒಂದೊಂದು ಹಂಪಿಗೂ ನಾನು ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಇರುವ ಹಂಪುಗಳನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಒಂದು ಹಂಪಿಗೆ ಒಂದು ಬ್ರೇಕು. ಒಂದು ಬ್ರೇಕಿಗೆ ಒಂದು ಟೊಕ್. ಒಂದು ಟೊಕ್ಕಿಗೆ ನಟ್ಟು ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

"ಸಿಕ್ದಾಗ ಏನೇಳ್ತೀಯ?" ಎಂದು ಗೌಡರು ಕೇಳಿದರು.

"ನಟ್ಟು ಸಡ್ಲ ಐತೆ ಅಂತ."

"ಅಂಗೆಲ್ಲ ಹೇಳ್ಬ್ಯಾಡ ಕಣ್ಲಾ. ಸಣ್ಣ ಅಡ್ಜಸ್ಟ್‌ಮೆಂಟು ಅನ್ನು."

ನಾನು ಮತ್ತೆ ಫೋನು ಒತ್ತಿದೆ. ಸಿಕ್ಕರೆ ಸಾಕಾಗಿತ್ತು.

ಮೂರು ಗಂಟೆ ಐದು ನಿಮಿಷಕ್ಕೆ ಮೇಷ್ಟ್ರ ಮನೆ ಮುಟ್ಟಿದೆವು. ಬಾಗಿಲಿಗೆ ಬೀಗ. ಕಾರು ನಿಂತಿದ್ದ ಜಾಗದಲ್ಲಿ ಆ ಚಾಪೆ ಸುರುಳಿ ಸುತ್ತಿ ಗೋಡೆಗೆ ಒರಗಿಸಿದ್ದರು. ಪಕ್ಕದ ಮನೆಯ ಅಜ್ಜಿ ಅಕ್ಕಿ ಆರಿಸುತ್ತ ಹೇಳಿದರು: "ಈಗ ತಾನೇ ಹೊರಟರು. ಮೂರು ಹೊಡೀತು, ಗಾಡಿ ಶುರುವಾಯ್ತು. ಮಗೂಗೆ ದೃಷ್ಟಿ ತೆಗೆದೋಳು ನಾನೇ."

ಚನ್ನರಾಯಪಟ್ಟಣದ ರಸ್ತೆಗೆ ತಿರುಗಿದೆವು. ಒಂದು ಊರು ಕಳೆಯಿತು, ಇನ್ನೊಂದು ಕಳೆಯಿತು. ಪ್ರತಿ ತಿರುವಿನಲ್ಲೂ ರಸ್ತೆಯ ಪಕ್ಕದ ಚರಂಡಿಯನ್ನು ಮೊದಲು ನೋಡುತ್ತಿದ್ದೆ, ಆಮೇಲೆ ರಸ್ತೆಯನ್ನು. ಮೂರನೆಯ ಊರು ದಾಟಿದ ಮೇಲೆ ಕಂಡಿತು. ಬಿಳಿ ಕಾರು, ನಲವತ್ತರ ವೇಗ, ಎಡಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಮುಂದಿನ ಎಡಚಕ್ರ ಹಿಂದಿನಿಂದ ನೋಡಿದಾಗಲೇ ಒಂದಿಷ್ಟು ಒಳಕ್ಕೆ ವಾಲಿದ ಹಾಗಿತ್ತು. ಅಥವಾ ನನಗೆ ಹಾಗೆ ಕಂಡಿತು.

ಗೌಡರು ಹಾರನ್ನಿನ ಮೇಲೆ ಕೈಯಿಟ್ಟರು. ನಾನು ಆ ಕೈ ಹಿಡಿದುಕೊಂಡೆ. ಮೂವತ್ತು ವರ್ಷದಲ್ಲಿ ಯಜಮಾನರ ಕೈ ಹಿಡಿದದ್ದು ಅದೇ ಮೊದಲು.

"ಹಾರನ್ ಬ್ಯಾಡಿ."

"ಮತ್ತೆ? ಮುಂದಕ್ಕೋಗಿ ಅಡ್ಡ ಹಾಕ್ಬುಡ್ತೀನಿ."

"ಅಡ್ಡ ಹಾಕಿದ್ರೆ ಗಾಬರಿಗೆ ಗಟ್ಟಿಯಾಗಿ ಬ್ರೇಕು ಒತ್ತುತಾರೆ. ಗಟ್ಟಿಯಾಗಿ ಒತ್ತೋದೇ ಆಗ್ಬಾರ್ದು ಗೌಡ್ರೇ. ಸುಮ್ನೆ ಪಕ್ಕದಲ್ಲಿ ದಾಟ್ಕಂಡ್ ಹೋಗಿ. ದಿಬ್ಬದ ಮೇಲೆ ನನ್ನ ಇಳಿಸಿ."

ದಾಟುವಾಗ ಮೇಷ್ಟ್ರು ಗುರುತು ಹಿಡಿದು ನಿಲ್ಲಿಸಿಬಿಟ್ಟಾರು ಎಂದು ನಾನು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ಕೂತೆ. ಗೌಡರು ಟವೆಲನ್ನು ತಲೆಯ ಮೇಲೆ ಎಳೆದುಕೊಂಡರು. ಪ್ರಾಣ ಉಳಿಸಲು ಹೊರಟ ಇಬ್ಬರು ಕಳ್ಳರಂತೆ ದಾಟಿದೆವು.

ಮುಂದೆ ರಸ್ತೆ ಏರುತ್ತಿತ್ತು. ಏರಿನಲ್ಲಿ ಗಾಡಿ ತಾನಾಗಿ ನಿಧಾನವಾಗುತ್ತದೆ, ಬ್ರೇಕಿಗೆ ಕೆಲಸ ಕಮ್ಮಿ. ಏರಿನ ತಲೆಯಲ್ಲಿ ಇಳಿದು, ದೂರದಿಂದಲೇ ಕಾಣುವ ಹಾಗೆ ರಸ್ತೆಯ ಅಂಚಿನಲ್ಲಿ ನಿಂತೆ. ಬಸ್ಸಿಗೆ ಕೈ ತೋರುವವನಂತೆ ಕೈಯನ್ನು ಕೆಳಗೆ, ಮೆತ್ತಗೆ ಆಡಿಸಿದೆ. ಮುಖದಲ್ಲಿ ನಗುವನ್ನು ಇಟ್ಟುಕೊಳ್ಳಬೇಕಿತ್ತು. ಗಾಬರಿ ಕಂಡರೆ ಅವರಿಗೂ ಗಾಬರಿಯಾದೀತು. ಆ ನಗು ಹೇಗಿತ್ತೋ ಗೊತ್ತಿಲ್ಲ. ಗೌಡರು ಇವತ್ತಿಗೂ ಅದನ್ನು ಅಣಕಿಸಿ ತೋರಿಸುತ್ತಾರೆ.

ಕಾರು ಏರನ್ನು ಹತ್ತಿತು. ಮೇಷ್ಟ್ರು ನನ್ನನ್ನು ಕಂಡರು. ಇಂಡಿಕೇಟರು ಹಾಕಿದರು. ಕನ್ನಡಿ ನೋಡಿದರು. ಕಾರು ನಿಧಾನವಾಗಿ, ಇನ್ನೂ ನಿಧಾನವಾಗಿ ಪಕ್ಕಕ್ಕೆ ಬಂದು, ನಿಲ್ಲುವಾಗ ಟೊಕ್ ಎಂದಿತು. ಒಳಗಿನಿಂದ ಮಗು ಕಿಸಕ್ಕನೆ ನಕ್ಕಿತು.

ಮೇಷ್ಟ್ರು ಗಾಜು ಇಳಿಸಿದರು. "ಏನು ನಂಜಪ್ಪನವರೇ, ಬಸ್ಸು ತಪ್ಪಿತೆ? ಹಾಸನದ ಬಸ್ಸು ಈ ಕಡೆ ಬರೋದಿಲ್ಲವಲ್ಲ."

"ಎಲ್ಲಾರೂ ಇಳೀಬೇಕು ಸಾ. ನಿಧಾನಕ್ಕೆ."

ಗೌಡರು ಅಷ್ಟರಲ್ಲಿ ಓಡಿ ಬಂದಿದ್ದರು. "ಏನಿಲ್ಲ ಸ್ವಾಮಿ, ಒಂದ್ ಸಣ್ಣ ಅಡ್ಜಸ್ಟ್‌ಮೆಂಟು."

"ಸಣ್ಣದಲ್ಲ ಸಾ" ಎಂದೆ. "ಎಡಚಕ್ರದ ನಟ್ಟು ನಾನು ಬಿಗಿ ಮಾಡಿರ್ಲಿಲ್ಲ. ಮಾಡಿದ್ದೀನಿ ಅಂತ ಹೇಳ್ದೆ. ಬೆಳಿಗ್ಗೆ ನಿಮ್ಮ ಮನೇಲಿ ಸ್ಪ್ಯಾನರು ಚೀಲದಲ್ಲೇ ಇತ್ತು, ಹಾಕಿ ನೋಡ್ಲಿಲ್ಲ. ಕಾಯಿ ಮೇಲೆ ತಪ್ಪು ಹೊರಿಸ್ದೆ."

ಸುಮಾ ಮಗುವನ್ನು ಎದೆಗೊತ್ತಿಕೊಂಡು ರಸ್ತೆಯಿಂದ ಆಚೆ ಹೋಗಿ ನಿಂತಳು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಮೇಷ್ಟ್ರ ಮನೆಯಾಕೆ ಒಂದು ಬೆಡ್‌ಶೀಟು ತೆಗೆದುಕೊಟ್ಟು, "ಇಲ್ಲೂ ಕೊಳೆಯೇ" ಎಂದರು. ದನಿಯಲ್ಲಿ ಬೆಳಗಿನ ಗೌರವ ಇರಲಿಲ್ಲ.

ಗೌಡರಿಗೆ ತಡೆಯಲಾಗಲಿ‌ಲ್ಲ. "ಗಂಧದ್ ಬೊಟ್ಟು ನೋಡಿ ಮೋಸೋದ್ರು ಸ್ವಾಮಿ. ನಮ್ದು ಸುಣ್ಣದ್ ಬೊಟ್ಟು, ನಿಮ್ದು ಗಂಧದ್ದು. ಎರಡೂ ಬೆಳ್ಳಗೇ ಅಲ್ವ್ರಾ" ಎಂದು ಎಲ್ಲವನ್ನೂ ಹೇಳಿಬಿಟ್ಟರು. ಮೇಷ್ಟ್ರು ಬಗ್ಗಿ ಎಡಚಕ್ರದ ಕಡೆ ನೋಡಿದರು.

"ಅಂದರೆ ದೇವರು ಕಾಪಾಡಲಿ ಅಂತ ನಾನು ಇಟ್ಟದ್ದು..."

"ಬೊಟ್ಟು ಇಟ್ಟಿದ್ದು ತಪ್ಪಲ್ಲ ಸಾ. ನಾನು ನಟ್ಟು ಮುಟ್ಟದೆ ಬೊಟ್ಟು ನೋಡಿದ್ದು ತಪ್ಪು."

ಅವರು ತಲೆಯಾಡಿಸಿದರು. ನಾನು ಬೆಡ್‌ಶೀಟಿನ ಮೇಲೆ ಮಲಗಿ ಒಳಗೆ ಜಾರಿದೆ. ಗಾಡಿ ತನ್ನ ಭಾರದಲ್ಲೇ ನಿಂತಿತ್ತು, ಬಿಗಿ ಮಾಡಲು ಎತ್ತಬೇಕಾಗಿರಲಿಲ್ಲ. ಮುಂದಿನ ನಟ್ಟು ಅರ್ಧ ಸುತ್ತಿಗೆ ಕೂತಿತು. ಹಿಂದಿನದಕ್ಕೆ ಸ್ಪ್ಯಾನರು ಹಾಕುವ ಮುಂಚೆ ಬರಿ ಬೆರಳಿನಿಂದ ಮುಟ್ಟಿದೆ. ಬೆರಳಿಗೇ ಆಡಿತು. 

ಎದ್ದು ಬಂದಾಗ ಮೇಷ್ಟ್ರು ಕೇಳಿದರು: "ಈಗ ಬೊಟ್ಟು ಇಡೋದಿಲ್ಲವೆ?"

"ಇಲ್ಲ ಸಾ."

ಮುಂದಿನ ವಾರವೇ ಗ್ಯಾರೇಜಿನ ಸುಣ್ಣದ ಡಬ್ಬಿಯನ್ನು ಇಳಿಸಿದೆ. ಈಗ ಬಿಗಿ ಮಾಡಿದವನು ನಟ್ಟಿನ ಮೇಲಿಂದ ಗಾಡಿಯ ಮೈವರೆಗೆ ಕೆಂಪು ಬಣ್ಣದ ಗೆರೆ ಎಳೆಯುತ್ತಾನೆ. ನಟ್ಟು ತಿರುಗಿದರೆ ಗೆರೆ ಒಡೆಯುತ್ತದೆ. ಗೆರೆ ಎಳೆದವನು ಒಬ್ಬ, ಸ್ಪ್ಯಾನರು ಹಾಕಿ ನೋಡುವವನು ಇನ್ನೊಬ್ಬ. ಮೊದಲನೆಯವನನ್ನು ನಂಬಲಿಲ್ಲ ಎಂದೇ ಅದರ ಅರ್ಥ. ಈಗ ನಾಲ್ಕು ಮೈಕುಗಳನ್ನು ಗಾಡಿಯ ಅಡಿಗೆ ಕಚ್ಚಿಸಿ ಸದ್ದು ಎಲ್ಲಿಂದ ಬರುತ್ತದೆಂದು ಹೇಳುವ ಯಂತ್ರವೂ ಬಂದಿದೆ. ಒಳ್ಳೆಯ ಯಂತ್ರ. ಆದರೆ ಮೇಷ್ಟ್ರ ಕಾರಿನ ಸದ್ದು ಎಲ್ಲಿಂದ ಬರುತ್ತಿತ್ತೆಂದು ನನಗೆ ಯಂತ್ರವಿಲ್ಲದೆಯೂ ಬುಧವಾರವೇ ಗೊತ್ತಿತ್ತು.

ಅಂದು ಆ ದಿಬ್ಬದ ಮೇಲೆ ಹಿಂದಿನ ನಟ್ಟು ಬಿಗಿಯಾಗುವುದಕ್ಕೆ ಆರೂವರೆ ಸುತ್ತು ತಿರುಗಿತು. ಚನ್ನರಾಯಪಟ್ಟಣ ಮುಟ್ಟುವವರೆಗೂ ಮಗು ಒಂದು ಸಲವೂ ನಗಲಿಲ್ಲ ಎಂದು ಮೇಷ್ಟ್ರು ಸಂಜೆ ಫೋನು ಮಾಡಿ ತಿಳಿಸಿದರು.